ಹೊರುವ ಗಾಡಿ, ಹೊರೆಯಾದ ಗಾಡಿ



ಮನೆತನದ ಸಣ್ಣಪುಟ್ಟ ಸಂಗತಿಗಳನ್ನೇ ಈ ಅಂಕಣದಲ್ಲಿ ನಿಮ್ಮ ಮುಂದಿಡುತ್ತ ಬಂದವನು ನಾನು. ಮಕ್ಕಳ ಓದು, ಮದುವೆಯ ಖರ್ಚು, ಮುಪ್ಪಿನ ತಂದೆತಾಯಿಗಳ ಆರೈಕೆ, ಇಂಥವೇ ನನ್ನ ವಿಷಯಗಳು. ಈ ಸಲ ಮೋಟಾರು ಸೈಕಲ್ಲಿನ ಕಥೆ ಹೇಳಲು ಕುಳಿತಿದ್ದೇನೆಂದರೆ ಕೆಲವರಿಗೆ ನಗು ಬಂದೀತು. ಅರವತ್ತರ ಹೊಸ್ತಿಲಲ್ಲಿರುವ ಗೃಹಸ್ಥನಿಗೆ ಇದೇನು ಹುಚ್ಚು ಎಂದು ಕೇಳುವವರೂ ಇದ್ದಾರು. ಆದರೆ ಮನೆಯ ಅಂಗಳದಲ್ಲಿ ಹನ್ನೆರಡು ವರ್ಷ ನಿಂತಿದ್ದ ಒಂದು ವಸ್ತುವನ್ನು ಬಿಟ್ಟುಕೊಡುವಾಗ ಮನುಷ್ಯನೊಳಗೆ ಏನೇನು ನಡೆಯುತ್ತದೆ ಎಂಬುದು ಮನೆತನದ ವಿಷಯವೇ ಎಂದು ನನಗೆ ತೋರಿದ್ದರಿಂದ ಬರೆಯುತ್ತಿದ್ದೇನೆ.

2013ರಲ್ಲಿ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ನಾನೊಂದು ದೂರಪ್ರಯಾಣದ ಬೈಕು ಕೊಂಡೆ. ಸುಮಾರು 350 ಸಿಸಿಯ ಒಂಟಿ ಸಿಲಿಂಡರಿನ ಎಂಜಿನ್ನು, 20 ಲೀಟರಿನ ಟ್ಯಾಂಕು, ಎತ್ತರಿಸಿ ಹಿಂದಕ್ಕೆ ಬಾಗಿಸಿದ ಹ್ಯಾಂಡಲ್ಲು, ಕಾಲು ಮುಂದೆ ಚಾಚಿ ಕೂರುವ ಆಸನ, ಹಿಂದೆ ಕುಳಿತವರ ಬೆನ್ನಿಗೆ ಒರಗು. ಬರಿಯ ಗಾಡಿಯ ತೂಕವೇ 190 ಕಿಲೋಗಿಂತ ಹೆಚ್ಚು. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಹೊಗಳಿದರೆ ಜಾಹೀರಾತಾದೀತು, ತೆಗಳಲು ಕಾರಣವೇ ಇಲ್ಲ. ಹನ್ನೆರಡು ವರ್ಷ ಅದು ನನ್ನನ್ನು ನಡುದಾರಿಯಲ್ಲಿ ಕೈಬಿಟ್ಟಿದ್ದಿಲ್ಲ.

ಆ ಗಾಡಿಯ ಮೇಲೆ ನಮ್ಮ ಮನೆಯವರನ್ನು ಕೂರಿಸಿಕೊಂಡು ನಾನು ನೋಡಿದ ನಾಡು ಅಷ್ಟಿಷ್ಟಲ್ಲ. ಧಾರವಾಡದಿಂದ ಹಳಿಯಾಳ, ದಾಂಡೇಲಿಗಳ ಕಾಡು ದಾಟಿ ಉಳವಿಗೆ ಹೋದೆವು. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಒಂದು ಶ್ರಾವಣದಲ್ಲಿ, ಬನವಾಸಿ, ಬಳ್ಳಿಗಾವಿ, ಉಡುತಡಿಗಳಿಗೆ ಒಂದು ಚಳಿಗಾಲದಲ್ಲಿ ಹೋಗಿಬಂದೆವು. ಬಸವಕಲ್ಯಾಣಕ್ಕೆ ಹೋದಾಗ ದಾರಿಯಲ್ಲಿ ಎರಡು ರಾತ್ರಿ ತಂಗಿದೆವು. ದಾರಿಯ ಬದಿಯ ಮರದ ನೆರಳಿನಲ್ಲಿ ಕುಳಿತು ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದಾಗಿನ ಸುಖವನ್ನು ನಾನು ಯಾವ ಹೋಟೆಲಿನಲ್ಲೂ ಕಂಡಿಲ್ಲ. ಮಕ್ಕಳು ದೊಡ್ಡವರಾಗಿ ಮನೆ ಬಿಟ್ಟ ಆ ವರ್ಷಗಳಲ್ಲಿ ನಾವಿಬ್ಬರೂ ಮತ್ತೆ ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಂಡದ್ದು ಆ ಗಾಡಿಯ ಮೇಲೆಯೇ ಎಂದರೆ ಉತ್ಪ್ರೇಕ್ಷೆಯಲ್ಲ.

ಇಷ್ಟಾಗಿಯೂ, ಆ ಗಾಡಿಯನ್ನು ಕೊಂಡದ್ದರ ಹಿಂದೆ ಪ್ರವಾಸದ ಆಸೆಯೊಂದೇ ಇರಲಿಲ್ಲ. ಹಳೆಯದೊಂದು ಮುನಿಸೂ ಇತ್ತು. ಅದನ್ನು ಹೇಳಬೇಕಾದರೆ ನಮ್ಮ ತಂದೆಯವರ ಯೆಜ್ಡಿಯ ವಿಷಯಕ್ಕೆ ಹೋಗಬೇಕು.

ಇಂದಿನ ತರುಣರಿಗೆ ಬಹುಶಃ ತಿಳಿಯದು. ಒಂದು ಕಾಲದಲ್ಲಿ ನಮ್ಮ ಮೈಸೂರಿನಲ್ಲಿಯೇ ಮೋಟಾರು ಸೈಕಲ್ಲಿನ ದೊಡ್ಡ ಕಾರ್ಖಾನೆಯಿತ್ತು. ಐಡಿಯಲ್ ಜಾವಾ ಎಂಬ ಆ ಸಂಸ್ಥೆ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯ ಮೇಲೆ 250 ಸಿಸಿಯ ಬೈಕುಗಳನ್ನು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಆ ಪರವಾನಗಿ ಮುಗಿದ ಮೇಲೆ ಯೆಜ್ಡಿ ಎಂಬ ತನ್ನದೇ ಹೆಸರಿನಿಂದ ಮುಂದುವರಿಸಿತು. ಎರಡು ಸೈಲೆನ್ಸರು, ಎರಡು ಸ್ಟ್ರೋಕಿನ ಎಂಜಿನ್ನು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಅದರ ವಿಶೇಷವೆಂದರೆ ಕಿಕ್ ಹೊಡೆಯುವ ಸಲಾಕೆಯೇ ಗೇರಿನ ಸಲಾಕೆಯೂ ಆಗಿತ್ತು. ಮೇಲೆತ್ತಿ ಒದ್ದರೆ ಎಂಜಿನ್ನು ಏಳುತ್ತಿತ್ತು, ಮುಂದಕ್ಕೆ ಬಾಗಿಸಿದರೆ ಗೇರು ಬೀಳುತ್ತಿತ್ತು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಬೇರೆ ಸಂಸ್ಥೆಯಿಂದ ಮಾರುಕಟ್ಟೆಗೆ ಮರಳಿವೆ, ಆದರೆ ಮೈಸೂರಿನ ಆ ಹಳೆಯ ಕಾರ್ಖಾನೆ ಮರಳಲಿಲ್ಲ.

ನಮ್ಮ ತಂದೆಯವರದು ಬೈಲಹೊಂಗಲದಲ್ಲಿ ದಲಾಲಿ ಅಂಗಡಿ. 1979ರಲ್ಲಿ ಅವರು ಯೆಜ್ಡಿ ಕೊಂಡಾಗ ನನಗೆ ಹನ್ನೆರಡು ವರ್ಷ. ಸಂಜೆ ಓಣಿಯ ತುದಿಯಲ್ಲಿ ಅದರ ಸದ್ದು ಕೇಳಿದರೆ ಸಾಕು, ನಾವು ಮಕ್ಕಳು ಪುಸ್ತಕ ತೆಗೆದು ಕೂರುತ್ತಿದ್ದೆವು. ಹಳ್ಳಿಹಳ್ಳಿಗೆ ಹತ್ತಿಯ ವ್ಯಾಪಾರಕ್ಕೆ, ನೆಂಟರ ಮನೆಯ ಶುಭಕಾರ್ಯಕ್ಕೆ, ಜಾತ್ರೆಗೆ, ಎಲ್ಲಕ್ಕೂ ಆ ಗಾಡಿಯೇ. ಅದು ಮುಂದೆ ನನಗೇ ಬರುವುದೆಂದು ನಾನು ನಂಬಿದ್ದೆ. 1997ರಲ್ಲಿ, ನಾನು ನೌಕರಿಯ ಊರಿನಿಂದ ರಜೆಗೆ ಬಂದಾಗ ಅಂಗಳದಲ್ಲಿ ಯೆಜ್ಡಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಲೂನಾ ನಿಂತಿತ್ತು.

‘ಯಾಕ ಮಾರಿದ್ರಿ?’ ಎಂದು ಕೇಳಿದೆ. ‘ಕಾರ್ಖಾನಿ ಮುಚ್ಚೇದ, ಇನ್ನ ಸಾಮಾನು ಸಿಗೂದಿಲ್ಲ’ ಎಂದರು. ‘ಧಾರವಾಡದಾಗ ಬೇಕಾದಷ್ಟು ಸಾಮಾನು ಸಿಗತಾವ’ ಎಂದು ನಾನು ವಾದಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಾಡಿ ನಮ್ಮನ್ನ ಹೊರಬೇಕೋ ತಮ್ಮಾ, ನಾವು ಗಾಡೀನ ಹೊರಬಾರದು’ ಎಂದಷ್ಟೇ ಹೇಳಿ ಅಂಗಡಿಗೆ ನಡೆದರು. ನಾನು ಆ ಸಲ ರಜೆ ಮುಗಿಯುವ ಮೊದಲೇ ಮರಳಿದೆ. ಮುಂದಿನ ಕೆಲವು ತಿಂಗಳು ಅವರಿಗೆ ನೆಟ್ಟಗೆ ಪತ್ರವನ್ನೂ ಬರೆಯಲಿಲ್ಲ. 2009ರಲ್ಲಿ ಅವರು ಲಿಂಗೈಕ್ಯರಾದರು. ಆ ಮಾತನ್ನು ನಾವು ಮತ್ತೆ ಎತ್ತಲೇ ಇಲ್ಲ. ನಾಲ್ಕು ವರ್ಷಗಳ ತರುವಾಯ ನಾನು ದೊಡ್ಡ ಗಾಡಿ ಕೊಂಡಾಗ, ಅದು ಅವರಿಗೆ ಕೊಟ್ಟ ತಡವಾದ ಉತ್ತರವೂ ಆಗಿತ್ತೆಂದು ಇಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಕಳೆದ ವರ್ಷದ ಮಾತಿಗೆ ಬರುತ್ತೇನೆ. 2025ರ ಮೇ ತಿಂಗಳು. ಬೆಂಗಳೂರಿನಿಂದ ಮಗ ಸೊಸೆ ರಜೆಗೆ ಬಂದಿದ್ದರು. ಆರು ವರ್ಷದ ಮೊಮ್ಮಗನಿಗೆ ಅಜ್ಜನ ಗಾಡಿಯೆಂದರೆ ಪ್ರಾಣ. ಅವನನ್ನು ಮುಂದೆ ಕೂರಿಸಿಕೊಂಡು ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದೆ. ಹಾಗೆ ಮಗುವನ್ನು ಮುಂದೆ ಕೂರಿಸುವುದು ತಪ್ಪೆಂದು ಬಲ್ಲೆ. ಅಜ್ಜನ ಅಕ್ಕರೆ ಆ ಬುದ್ಧಿಯನ್ನು ಮರೆಸಿತ್ತು. ಅವನನ್ನು ಇಳಿಸಿ, ಗಾಡಿಯನ್ನು ಹಿಂದಕ್ಕೆ ತಳ್ಳಿ ಅಂಗಳದೊಳಗೆ ನಿಲ್ಲಿಸಬೇಕು. ನಮ್ಮ ಮನೆಯ ಮುಂದೆ ಇಳಿಜಾರು. ಅಡ್ಡಮಳೆಗೆ ನೆಲ ತೊಯ್ದಿತ್ತು. ಎಡಗಾಲು ಜಾರಿತು. ಗಾಡಿ ವಾಲಿತು. ವಾಲುವ ಗಾಡಿಯನ್ನು ಮೊದಲಿನ ಕ್ಷಣದಲ್ಲಿ ತಡೆದರೆ ತಡೆದಂತೆ, ತುಸು ಹೆಚ್ಚು ಬಾಗಿತೆಂದರೆ ಅದರ ತೂಕವೆಲ್ಲ ನಮ್ಮ ಕೈಗೆ ಬರುತ್ತದೆ. ಇನ್ನೂರು ಕಿಲೋ ಹಿಡಿಯುವ ಶಕ್ತಿ ನನ್ನ ತೋಳಿನಲ್ಲಿ ಉಳಿದಿರಲಿಲ್ಲ. ಅದು ಧಡಲ್ಲನೆ ಎಡಕ್ಕೆ ಬಿತ್ತು.

ಮೊಮ್ಮಗ ನಿಂತಿದ್ದ ಜಾಗಕ್ಕೂ ಹ್ಯಾಂಡಲ್ಲು ಬಿದ್ದ ಜಾಗಕ್ಕೂ ಒಂದು ಮೊಳದ ಅಂತರವಿತ್ತು.

ಯಾರಿಗೂ ಏನೂ ಆಗಲಿಲ್ಲ. ಲೆಗ್ ಗಾರ್ಡು ಬಾಗಿತು, ಕನ್ನಡಿ ಒಡೆಯಿತು. ಹಾಲು ಹಾಕುವ ಹುಡುಗ ಓಡಿಬಂದು, ಸೀಟಿಗೆ ಬೆನ್ನು ಕೊಟ್ಟು, ಮೊಣಕಾಲು ಬಾಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಗಾಡಿಯನ್ನು ಎತ್ತಿ ನಿಲ್ಲಿಸಿದ. ಭಾರದ ಗಾಡಿಯನ್ನು ಎತ್ತುವ ಸರಿಯಾದ ಕ್ರಮವೇ ಅದು. ಸೊಂಟ ಬಾಗಿಸಿ ಕೈಯಿಂದ ಎಳೆದವನು ಬೆನ್ನು ಹಿಡಿದುಕೊಂಡು ಮಲಗುತ್ತಾನೆ. ಮೊಮ್ಮಗ ನಕ್ಕ. ನಾನು ಕಟ್ಟೆಯ ಮೇಲೆ ಕುಳಿತು ನೀರು ಕೇಳಿದೆ. ನನ್ನ ಕೈ ಬಹಳ ಹೊತ್ತು ನಡುಗುತ್ತಿತ್ತು.

ಅಂದಿನ ರಾತ್ರಿ ನಿದ್ದೆ ಬಾರದೆ ಗಾಡಿಯ ಲೆಕ್ಕದ ವಹಿ ತೆಗೆದೆ. ವ್ಯಾಪಾರಸ್ಥರ ಮನೆಯಲ್ಲಿ ಬೆಳೆದವನಾದ್ದರಿಂದ ಪೆಟ್ರೋಲು, ಆಯಿಲು, ಓಡಿದ ಕಿಲೋಮೀಟರು ಎಲ್ಲವನ್ನೂ ಬರೆದಿಡುವ ರೂಢಿ ನನ್ನದು. 2014ರಲ್ಲಿ ಆ ಗಾಡಿ ಒಂಬತ್ತು ಸಾವಿರ ಕಿಲೋಮೀಟರು ಓಡಿತ್ತು. 2024ರಲ್ಲಿ ಸಾವಿರದ ಇನ್ನೂರು. ಅದೂ ಎಲ್ಲಿಗೆ? ಸಂತೆಗೆ, ಬ್ಯಾಂಕಿಗೆ, ಹಿಟ್ಟಿನ ಗಿರಣಿಗೆ. ಉಳವಿಗೆ ಹೋಗಬಲ್ಲ ಗಾಡಿಯ ಮೇಲೆ ನಾನು ಉಳ್ಳಾಗಡ್ಡಿ ತರುತ್ತಿದ್ದೆ. ಹಿಂದಿನ ಸೀಟಿನ ಮೇಲೆ ನಮ್ಮ ಮನೆಯವರ ಹೆಸರು ವಹಿಯಲ್ಲಿ ಕೊನೆಯ ಬಾರಿ ಬಂದದ್ದು 2023ರ ಫೆಬ್ರುವರಿಯಲ್ಲಿ.

ಮರುದಿನ ಚಹಾ ಕುಡಿಯುವಾಗ ಅವರನ್ನೇ ಕೇಳಿದೆ. ಎರಡು ವರ್ಷಗಳಿಂದ ಕರೆದಾಗಲೆಲ್ಲ ಅವರು ಒಂದಿಲ್ಲೊಂದು ನೆವ ಹೇಳುತ್ತಿದ್ದರು. ಅತ್ತೆಯವರನ್ನು ಬಿಟ್ಟು ಹೇಗೆ ಬರಲಿ, ಹಪ್ಪಳ ಒಣಹಾಕಿದ್ದೇನೆ, ನೀವೇ ಹೋಗಿಬನ್ನಿ ಎಂದು. ನಾನು ಅದನ್ನು ನಿಜವೆಂದೇ ನಂಬಿದ್ದೆ. ಅವರು ಬಸಿ ಕೆಳಗಿಟ್ಟು ಹೇಳಿದರು: ‘ರೀ, ನನಗ ಆ ಹಿಂದಿನ ಸೀಟ ಹತ್ತಾಕ ಆಗವಲ್ದ್ರೀ. ಮೊಣಕಾಲ ಎತ್ತಿದ್ರ ಜೀವ ಹೋಗತೈತಿ. ಸೀರಿ ಉಟ್ಟು ಒಂದ ಬದಿಗೆ ಕೂಡ್ಬೇಕಂದ್ರ ಆ ಒರಗು ಅಡ್ಡ ಬರತೈತಿ. ನಿಮಗ ಗಾಡಿ ಅಂದ್ರ ಅಷ್ಟ ಪ್ರೀತಿ, ಹೆಂಗ ಹೇಳ್ಲಿ?’

ಬಂಧುಗಳೇ, ಆಗ ನನಗಾದ ನಾಚಿಕೆಯನ್ನು ಬರೆದು ತಿಳಿಸಲಾರೆ. ಯಾರ ಜೊತೆ ಹೋಗಲೆಂದು ಆ ಗಾಡಿಯನ್ನು ಕೊಂಡಿದ್ದೆನೋ ಅವರೇ ಅದರ ಮೇಲೆ ಹತ್ತಲಾರದೆ ಎರಡು ವರ್ಷವಾಗಿತ್ತು. ನಾನು ಗಾಡಿಯ ಎಂಜಿನ್ನಿನ ಸದ್ದಿನಲ್ಲಿ ಸಣ್ಣ ವ್ಯತ್ಯಾಸವಾದರೂ ಗುರುತಿಸುತ್ತಿದ್ದೆ. ಮನೆಯಾಕೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದುದನ್ನು ಗುರುತಿಸಿರಲಿಲ್ಲ.

ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ನಮ್ಮ ಅವ್ವ, ಎಂಬತ್ತನಾಲ್ಕು ವರ್ಷದವರು, ಆಗ ಮೆಲ್ಲಗೆ ನಕ್ಕು ಹೇಳಿದರು: ‘ನಿಮ್ಮಪ್ಪಾನೂ ಅದಕ್ಕ ಮಾರಿದ್ರು. ನನಗ ಆಪರೇಶನ್ ಆದ ಮ್ಯಾಲೆ ಆ ಎತ್ತರದ ಗಾಡಿ ಹತ್ತಾಕ ಆಗತಿದ್ದಿಲ್ಲ. ಲೂನಾ ಆದ್ರ ಹಿಂದ ಸುಮ್ಮನ ಕುಂಡ್ರತಿದ್ದೆ, ದಿನಾ ಮಠಕ್ಕ ಕರ್ಕೊಂಡ ಹೋಗತಿದ್ರು. ಮಂದಿ ಮುಂದ ಹೇಂತಿಗೋಸ್ಕರ ಮಾರಿದೆ ಅನ್ನಾಕ ನಾಚಿಕಿ. ಸಾಮಾನು ಸಿಗೂದಿಲ್ಲ ಅಂತ ಹೇಳಿದ್ರು.’

ಇಪ್ಪತ್ತೆಂಟು ವರ್ಷ ನಾನು ಹೊತ್ತಿದ್ದ ಮುನಿಸು ಹೀಗೆ ಒಂದು ಚಹಾದ ಹೊತ್ತಿನಲ್ಲಿ ಕರಗಿತು. ಕರಗಿದ ಮೇಲೆ ಉಳಿದದ್ದು ಪಶ್ಚಾತ್ತಾಪ. ಕ್ಷಮೆ ಕೇಳೋಣವೆಂದರೆ ಕೇಳಬೇಕಾದವರು ಇಲ್ಲ. ಅವರು ಮಾಡಿದ್ದನ್ನೇ ನಾನೂ ಮಾಡುವುದೊಂದೇ ದಾರಿ ಎಂದು ನಿಶ್ಚಯಿಸಿದೆ.

ನಮ್ಮ ಭಾಗದ ರೈತರು ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಚಕ್ಕಡಿ ಕಟ್ಟುವುದನ್ನು ನೀವು ಕಂಡಿದ್ದೀರಿ. ದೂರದ ದಾರಿಯೆಂದು ಚಕ್ಕಡಿಗೆ ಕೊಲ್ಲಾರಿ ಕಟ್ಟುತ್ತಾರೆ, ಒಳಗೆ ಹುಲ್ಲು ಹಾಸುತ್ತಾರೆ. ಜಾತ್ರೆ ಮುಗಿಸಿ ಊರಿಗೆ ಬಂದ ಮೇಲೆ ಕೊಲ್ಲಾರಿ ಬಿಚ್ಚಿ ಅಟ್ಟಕ್ಕೆ ಹಾಕಿ, ಅದೇ ಚಕ್ಕಡಿಯಲ್ಲಿ ಗೊಬ್ಬರ ಹೇರುತ್ತಾರೆ. ಜಾತ್ರೆ ಮುಗಿದ ಮೇಲೂ ಕೊಲ್ಲಾರಿ ಕಟ್ಟಿಕೊಂಡೇ ಹೊಲಕ್ಕೆ ಹೋಗುವ ರೈತನನ್ನು ನಾನು ಕಂಡಿಲ್ಲ. ಆದರೆ ಪ್ರವಾಸದ ಬೈಕಿನ ಕೊಲ್ಲಾರಿಯನ್ನು ಬಿಚ್ಚಲು ಬರುವುದಿಲ್ಲ. ಅದರ ಉದ್ದ, ಅದರ ತೂಕ, ಅದರ ಕೂರುವ ಭಂಗಿ ಎಲ್ಲವೂ ಅದರ ಮೈಯಲ್ಲೇ ಇವೆ.

ಇದನ್ನು ತುಸು ಬಿಡಿಸಿ ಹೇಳುವುದು ಒಳ್ಳೆಯದು. ಮನೆಯಲ್ಲಿ ಬೈಕು ಬದಲಿಸುವ ವಿಚಾರ ಬಂದಾಗ ಹೆಚ್ಚಿನವರು ಬೆಲೆ ಮತ್ತು ಮೈಲೇಜುಗಳೆರಡನ್ನೇ ಕೇಳುತ್ತಾರೆ. ಗಾಡಿಯ ಅಂಗರಚನೆಯನ್ನು ನೋಡುವವರು ಕಡಿಮೆ. ದೂರಪ್ರಯಾಣದ ಬೈಕಿನಲ್ಲಿ ಎರಡು ಗಾಲಿಗಳ ನಡುವಿನ ಅಂತರ ಹೆಚ್ಚು, ಮುಂದಿನ ಫೋರ್ಕು ಮುಂದಕ್ಕೆ ಚಾಚಿರುತ್ತದೆ. ಹೆದ್ದಾರಿಯಲ್ಲಿ ಗಾಡಿ ನೇರವಾಗಿ, ಅಲುಗದೆ ಸಾಗಲು ಇದು ಸಹಾಯಕ. ಅದೇ ಗುಣ ಸಂತೆಯ ಓಣಿಯಲ್ಲಿ ದೋಷವಾಗುತ್ತದೆ. ತಿರುಗಲು ಹೆಚ್ಚು ಜಾಗ ಬೇಕು, ನಿಧಾನದಲ್ಲಿ ಹ್ಯಾಂಡಲ್ಲು ಭಾರ. 20 ಲೀಟರಿನ ಟ್ಯಾಂಕು ತುಂಬಿದರೆ ಪೆಟ್ರೋಲಿನ ತೂಕವೇ 15 ಕಿಲೋದ ಆಸುಪಾಸು, ಅದೂ ಮೇಲ್ಭಾಗದಲ್ಲಿ.

ಕೂರುವ ಭಂಗಿಯದೂ ಅಷ್ಟೇ. ಕಾಲು ಮುಂದೆ ಚಾಚಿ ಕುಳಿತರೆ ಮೊಣಕಾಲಿಗೆ ಆರಾಮ, ಆದರೆ ಮೈಯ ಭಾರವೆಲ್ಲ ಸೊಂಟದ ಬುಡಕ್ಕೆ ಬೀಳುತ್ತದೆ. ಗುಂಡಿ ಬಂದಾಗ ಪೆಟ್ಟು ನೆಟ್ಟಗೆ ಬೆನ್ನುಹುರಿಗೆ. ಸಾದಾ ಬೈಕಿನಲ್ಲಿ ಪಾದಗಳು ಮೈಯ ಕೆಳಗೇ ಇರುತ್ತವೆ. ರಸ್ತೆಯುಬ್ಬು ಕಂಡಾಗ ಪಾದದ ಮೇಲೆ ಭಾರ ಹಾಕಿ ಸೀಟಿನಿಂದ ತುಸು ಏಳಬಹುದು. ಕಾಲುಗಳೇ ಸ್ಪ್ರಿಂಗಿನ ಕೆಲಸ ಮಾಡುತ್ತವೆ. ನಲವತ್ತಾರರಲ್ಲಿ ಸಿಂಹಾಸನವೆನಿಸಿದ ಆಸನ ಐವತ್ತೆಂಟರಲ್ಲಿ ಬೆನ್ನುನೋವಿನ ಮೂಲವಾದದ್ದು ಹೀಗೆ. ಗಾಡಿ ಕೆಟ್ಟದ್ದೆಂದಲ್ಲ. ಅದು ಮಾಡಬೇಕಾದ ಕಾಯಕ ಬೇರೆ, ನಾನು ಮಾಡಿಸುತ್ತಿದ್ದ ಕೆಲಸ ಬೇರೆ.

ಕಾರು ತೆಗೆದುಕೊಳ್ಳಿರೆಂದು ಮಗ ಹೇಳಿದ. ನಮ್ಮ ಓಣಿಯಲ್ಲಿ ಅದನ್ನು ನಿಲ್ಲಿಸಲು ಸ್ಥಳವಿಲ್ಲ, ಇಬ್ಬರಿಗಾಗಿ ಅಷ್ಟು ಖರ್ಚೂ ಸಲ್ಲದು. ಕೊನೆಗೆ 160 ಸಿಸಿಯ ಆಸುಪಾಸಿನ, ಸುಮಾರು 140 ಕಿಲೋ ತೂಗುವ, ಉದ್ದನೆಯ ಸಮತಟ್ಟಾದ ಸೀಟಿನ ಒಂದು ಸಾದಾ ಬೈಕನ್ನು ಆರಿಸಿದೆವು. ಆರಿಸಿದವರು ನಾನಲ್ಲ. ಮಳಿಗೆಯಲ್ಲಿ ನಾನು ಎಂಜಿನ್ನಿನ ಮಾತಾಡುತ್ತಿದ್ದಾಗ ನಮ್ಮ ಮನೆಯವರು ಒಂದೊಂದೇ ಗಾಡಿಯ ಹಿಂದಿನ ಸೀಟನ್ನು ಹತ್ತಿ ಇಳಿದು ನೋಡಿದರು. ನಾಲ್ಕನೆಯದನ್ನು ಹತ್ತಿ, ‘ಇದು ಆಗತೈತಿ’ ಎಂದರು. ಅಲ್ಲಿಗೆ ತೀರ್ಮಾನವಾಯಿತು. ಹೊಸ ಗಾಡಿ ಕೊಳ್ಳುವವರಿಗೆ ನನ್ನ ಮೊದಲ ಸೂಚನೆಯೂ ಇದೇ. ಹಿಂದೆ ಕೂರುವವರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಇನ್ನೊಂದು ಲಾಭವೂ ದೊರೆಯಿತು. 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಎಬಿಎಸ್ ಬ್ರೇಕು ಕಡ್ಡಾಯ. ಗಟ್ಟಿಯಾಗಿ ಬ್ರೇಕು ಹಿಡಿದಾಗ ಗಾಲಿ ಬಿಗಿದು ಜಾರದಂತೆ ಅದು ತಡೆಯುತ್ತದೆ. ನನ್ನ ಹಳೆಯ ಗಾಡಿಗೆ ಅದಿರಲಿಲ್ಲ.

ಕೊಳ್ಳುವುದನ್ನು ದೀಪಾವಳಿಯವರೆಗೆ ಮುಂದೂಡಿದ್ದು ಒಳ್ಳೆಯದೇ ಆಯಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್ನಿನ ಬೈಕುಗಳಿಗೆ ಅದು ಶೇಕಡಾ 40ಕ್ಕೆ ಏರಿತು.

ಇನ್ನು ಹಳೆಯದನ್ನು ಕೊಡುವ ವಿಚಾರ. ಇಲ್ಲಿಯೂ ನಾನು ಪಾಠ ಕಲಿತೆ. ಮಳಿಗೆಯವರು ವಿನಿಮಯದಲ್ಲಿ ನಲವತ್ತೆಂಟು ಸಾವಿರ ಹಿಡಿಯುವುದಾಗಿ ಹೇಳಿದರು. ಅದೇ ವಾರ ಪರಿಚಯದವರ ಮೂಲಕ ಒಬ್ಬ ತರುಣ ಬಂದು ಅರವತ್ತು ಸಾವಿರ ನಗದು ಕೊಡುವೆನೆಂದ. ಹನ್ನೆರಡು ಸಾವಿರದ ವ್ಯತ್ಯಾಸ ಸಣ್ಣದಲ್ಲ. ಆದರೆ ಅವನದೊಂದು ಷರತ್ತು: ‘ಆರ್.ಸಿ. ಆಮೇಲೆ ನನ್ನ ಹೆಸರಿಗೆ ಮಾಡಿಸಿಕೊಳ್ತೀನ್ರಿ ಕಾಕಾ, ಸದ್ಯಕ್ಕ ನಿಮ್ಮ ಹೆಸರಲ್ಲೇ ಇರಲಿ.’ ಹುಡುಗ ಕೆಟ್ಟವನಲ್ಲ. ನಮ್ಮಲ್ಲಿ ಬಹಳ ಮಂದಿ ಹೀಗೆಯೇ ಮಾಡುತ್ತಾರೆ. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು, ದುಡ್ಡೆಣಿಸಿಕೊಂಡು, ಗಾಡಿ ನಮ್ಮದಲ್ಲವೆಂದು ನಿಶ್ಚಿಂತರಾಗುತ್ತಾರೆ.

ಕಾನೂನು ಹಾಗೆ ತಿಳಿಯುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 50ನೆಯ ಕಲಮಿನ ಪ್ರಕಾರ, ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. 29 ಮತ್ತು 30ನೆಯ ನಮೂನೆಯ ಅರ್ಜಿಗಳು ಇದಕ್ಕಾಗಿಯೇ ಇವೆ. 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪು ನೀಡಿತು. ಆ ಪ್ರಕರಣದಲ್ಲಿ ವಾಹನವು ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾಗಿತ್ತು, ನೋಂದಣಿ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರಕ್ಕೆ ನೋಂದಣಿಯಲ್ಲಿ ಹೆಸರಿರುವವನೇ ಹೊಣೆಯೆಂದು ನ್ಯಾಯಾಲಯ ನಿರ್ಣಯಿಸಿತು. ಎಂದೋ ಮಾರಿದ ಗಾಡಿ ಎಲ್ಲೋ ಒಬ್ಬರಿಗೆ ಬಡಿದರೆ ನೋಟೀಸು ನಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಇದನ್ನು ಆ ತರುಣನಿಗೆ ಸಮಾಧಾನದಿಂದ ತಿಳಿಸಿ, ‘ಇಬ್ಬರೂ ಕೂಡಿ ಈಗಲೇ ಕಚೇರಿಗೆ ಹೋಗೋಣು, ಗಾಡಿ ನಿನ್ನದು’ ಎಂದೆ. ನೋಡುತ್ತೇನೆಂದು ಹೋದವನು ಮರಳಿ ಬರಲಿಲ್ಲ.

ಆದ್ದರಿಂದ ಮಳಿಗೆಗೇ ಕೊಟ್ಟೆ. ಅಲ್ಲಿಯೂ ಒಂದು ವಿಚಾರಿಸಬೇಕು. ಹಳೆಯ ವಾಹನಗಳ ವ್ಯಾಪಾರಿಗಳಿಗೆ 2023ರ ಏಪ್ರಿಲ್ 1ರಿಂದ ಸಾರಿಗೆ ಇಲಾಖೆಯ ಅಧಿಕೃತ ಪ್ರಮಾಣಪತ್ರದ ನಿಯಮ ಬಂದಿದೆ. ಅಂಥ ಅಧಿಕೃತ ವ್ಯಾಪಾರಿಗೆ ಗಾಡಿ ಒಪ್ಪಿಸಿ 29ಸಿ ನಮೂನೆಯಲ್ಲಿ ಇಲಾಖೆಗೆ ತಿಳಿಸಿದರೆ, ಅಲ್ಲಿಂದ ಮುಂದಿನ ಹೊಣೆ ಆತನದು. ಪ್ರಮಾಣಪತ್ರ ನೋಡದೆ, ಈ ತಿಳಿವಳಿಕೆಯ ಪ್ರತಿ ಪಡೆಯದೆ ಕೀಲಿಕೈ ಕೊಡಬೇಡಿರಿ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದದ್ದು ತೀರಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಅದನ್ನು ಮೊದಲೇ ತೆಗೆಸಿರಿ.

ವಿಮೆಯ ಒಂದು ಮಾತು. ಕ್ಲೇಮು ಮಾಡದೆ ಕಳೆದ ವರ್ಷಗಳಿಗೆ ವಿಮಾ ಕಂಪನಿ ಕೊಡುವ ನೋ ಕ್ಲೇಮ್ ಬೋನಸ್ ಗಾಡಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಸತತ ಐದು ವರ್ಷ ಕ್ಲೇಮು ಇಲ್ಲದಿದ್ದರೆ ಅದು ಶೇಕಡಾ 50ರಷ್ಟಾಗುತ್ತದೆ. ಹಳೆಯ ಗಾಡಿ ಮಾರಿದ ಬಳಿಕ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಗಾಡಿಯ ವಿಮೆಯಲ್ಲಿ, ಸ್ವಂತ ಹಾನಿಯ ಭಾಗದ ಕಂತಿಗೆ ಆ ರಿಯಾಯಿತಿ ದೊರೆಯುತ್ತದೆ. ಎಷ್ಟೋ ಮಂದಿ ಇದನ್ನು ಕೇಳದೆ ಕಳೆದುಕೊಳ್ಳುತ್ತಾರೆ. ನನಗಾದರೂ ಮಗ ಹೇಳಿದ್ದರಿಂದ ತಿಳಿಯಿತು.

ಗಾಡಿ ಒಪ್ಪಿಸುವ ದಿನ ಲೆಗ್ ಗಾರ್ಡು ಬಾಗಿದ್ದು, ಅದು ಎಡಕ್ಕೆ ಬಿದ್ದದ್ದು, ಎಲ್ಲವನ್ನೂ ನಾನೇ ತೋರಿಸಿ ಹೇಳಿದೆ. ಮಳಿಗೆಯ ಹುಡುಗ ಎರಡು ಸಾವಿರ ಕಡಿಮೆ ಮಾಡಿದ. ‘ಹೇಳದಿದ್ರ ನಡೀತಿತ್ತಲ್ರೀ’ ಎಂದು ಪಕ್ಕದಲ್ಲಿದ್ದವರು ಪಿಸುಗುಟ್ಟಿದರು. ನಡೆಯುತ್ತಿತ್ತು ನಿಜ. ಆದರೆ ನಾಳೆ ಯಾವನೋ ಒಬ್ಬ ತರುಣ ಅದೇ ಗಾಡಿಯ ಹಿಂದೆ ತನ್ನ ಹೆಂಡತಿಯನ್ನು ಕೂರಿಸಿಕೊಂಡು ಘಟ್ಟ ಇಳಿಯುತ್ತಾನೆ. ಎರಡು ಸಾವಿರಕ್ಕೆ ಅವರ ದಾರಿಯಲ್ಲಿ ಸುಳ್ಳೊಂದನ್ನು ಇಡಲು ನನಗೆ ಮನಸ್ಸಾಗಲಿಲ್ಲ.

ಕೀಲಿಕೈ ಕೊಡುವಾಗ ದುಃಖವಾಗಲಿಲ್ಲವೆಂದರೆ ಸುಳ್ಳು ಹೇಳಿದಂತಾದೀತು. ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದೆ. ಬಸವಕಲ್ಯಾಣದ ದಾರಿಯ ಬಿಸಿಲು, ಉಳವಿಯ ಕಾಡಿನ ತಂಪು ಎಲ್ಲ ನೆನಪಾದವು. ಹೊಸ ಗಾಡಿಯ ಸದ್ದು ತೆಳು. ಹೆದ್ದಾರಿಯಲ್ಲಿ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಇದು ತುಸು ಅಲುಗುತ್ತದೆ, ಅದು ಅಲುಗುತ್ತಿರಲಿಲ್ಲ. ದಿನಕ್ಕೆ ಮುನ್ನೂರು ಕಿಲೋಮೀಟರಿನ ಪ್ರಯಾಣ ಇನ್ನು ನನ್ನಿಂದ ಆಗದು. ಈ ನಷ್ಟಗಳನ್ನು ಮುಚ್ಚಿಟ್ಟು ಲಾಭವನ್ನಷ್ಟೇ ಹೇಳಿದರೆ ಓದುಗರಿಗೆ ಮೋಸ ಮಾಡಿದಂತೆ.

ಆದರೆ ವಹಿಯ ಹೊಸ ಪುಟವನ್ನೂ ಹೇಳಬೇಕು. ಮೊದಲ ತಿಂಗಳಲ್ಲಿಯೇ ನಮ್ಮ ಮನೆಯವರ ಹೆಸರು ಅದರಲ್ಲಿ ಹದಿನೇಳು ಬಾರಿ ಬಂದಿದೆ. ಹೆಚ್ಚಿನವು ಸಣ್ಣ ದಾರಿಗಳು. ವೈದ್ಯರಲ್ಲಿಗೆ ಮೊಣಕಾಲು ತೋರಿಸಲು ಒಮ್ಮೆ, ತಂಗಿಯ ಮನೆಗೆ ಎರಡು ಸಲ, ಸಾಧನಕೇರಿಯ ಕೆರೆಯ ದಂಡೆಗೆ ಸಂಜೆ ಸುಮ್ಮನೆ. ಹೆಲ್ಮೆಟ್ಟು ಇಬ್ಬರಿಗೂ ಉಂಟು. ಸಣ್ಣ ದಾರಿಯೆಂದು ಅದನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಮೊಮ್ಮಗನಿಗೆ ಮಾತ್ರ ಸಿಟ್ಟು. ಫೋನಿನಲ್ಲಿ, ‘ಅಜ್ಜಾ, ದೊಡ್ಡ ಗಾಡಿ ಯಾಕ ಕೊಟ್ಟಿ? ಅದು ನನಗ ಬೇಕಾಗಿತ್ತು’ ಎಂದ.

ಆ ಪ್ರಶ್ನೆ ನನಗೆ ಹೊಸದಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ನಾನೇ ಕೇಳಿದ್ದೆ. ನಮ್ಮ ತಂದೆಯವರು ನಾಚಿಕೆಯಿಂದ ಅರ್ಧ ಉತ್ತರ ಕೊಟ್ಟರು, ಅರ್ಧವನ್ನು ನುಂಗಿಕೊಂಡರು. ನಾನು ಹಾಗೆ ಮಾಡಲಿಲ್ಲ. ‘ನಿಮ್ಮ ಅಜ್ಜಿಗೆ ಅದನ್ನ ಹತ್ತಾಕ ಆಗತಿದ್ದಿಲ್ಲಪ್ಪಾ, ಅದಕ್ಕ ಕೊಟ್ಟೆ’ ಎಂದು ನೆಟ್ಟಗೆ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು ಕೇಳಿದ: ‘ಇದರ ಮ್ಯಾಲೆ ಹತ್ತತಾಳ?’

‘ಹತ್ತತಾಳ’ ಎಂದೆ.

‘ಹಂಗಾರ ಆತು’ ಎಂದ.

ಬಂಧುಗಳೇ, ನಿಮ್ಮ ಅಂಗಳದಲ್ಲಿ ನಿಂತಿರುವ ಗಾಡಿ ಯಾವುದೇ ಇರಲಿ, ಅದರ ಹಿಂದಿನ ಸೀಟು ಎಷ್ಟು ದಿನಗಳಿಂದ ಖಾಲಿಯಿದೆ ಎಂದು ಒಮ್ಮೆ ನೋಡಿಕೊಳ್ಳಿರಿ. ಖಾಲಿಯಿದ್ದರೆ ಕಾರಣವೇನೆಂದು ಮನೆಯವರನ್ನು ಕೇಳಿರಿ. ಅವರು ಹಪ್ಪಳದ ನೆವ ಹೇಳಿದರೆ ಇನ್ನೊಮ್ಮೆ ಕೇಳಿರಿ.